ತೂಕಕ್ಕಿಂತ ಟೇಪೇ ವಾಸಿ

ಜಿಮ್‌ಗೆ ಸೇರಿದ ಮಗ ದಿನಾ ತೂಕ ನೋಡಿ ಮುಖ ಸಪ್ಪೆ ಮಾಡುತ್ತಾನೆಯೇ? ನೀರು, ಊಟ, ಉಪ್ಪಿನಿಂದಲೇ ತೂಕ ದಿನಕ್ಕೆ ಒಂದೆರಡು ಕಿಲೋ ಏರಿಳಿಯುತ್ತದೆ. ಅವನ ಕೈಗೆ ಮನೆಯ ಹೊಲಿಗೆ ಟೇಪು ಕೊಡಿ, ಬೇರೇನೂ ಕೊಳ್ಳಬೇಕಿಲ್ಲ. ನಾಲ್ಕು ವಾರಕ್ಕೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೋಳು, ಎದೆ, ತೊಡೆ, ಸೊಂಟ ಅಳೆದು ಬರೆದಿಡಲಿ. ವ್ಯಾಯಾಮ ಮುಗಿದ ಕೂಡಲೇ ಅಳೆಯಬಾರದು. ಆಗ ರಕ್ತ ತುಂಬಿ ತೋಳು ಉಬ್ಬಿರುತ್ತದೆ. ತೋಳಿಗಿಂತ ಸೊಂಟವೇ ಬೇಗ ಹೆಚ್ಚಿದರೆ ಬೆಳೆದದ್ದು ಬೊಜ್ಜು.

ಈ ಲೆಕ್ಕ ಹೆತ್ತವರೂ ನೋಡಬೇಕೆಂಬುದು ನನ್ನ ಅಭಿಪ್ರಾಯ. ಸ್ನಾಯು ನಿಧಾನವಾಗಿಯೇ ಬೆಳೆಯುತ್ತದೆ. ಕೆಲವೇ ವಾರಗಳಲ್ಲಿ ತೋಳು ದಿಢೀರನೆ ದಪ್ಪವಾಗಿ, ಬೆನ್ನ ತುಂಬ ಮೊಡವೆ ಎದ್ದು, ಸಿಟ್ಟೂ ಹೆಚ್ಚಿದ್ದರೆ ಶಹಬ್ಬಾಸ್ ಅನ್ನಬೇಡಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದಾನೆಯೇ ಎಂದು ಮೆಲ್ಲಗೆ ಕೇಳಿ, ವೈದ್ಯರ ಬಳಿ ಕರೆದೊಯ್ಯಿರಿ.