ಕೊಳ್ಳುವವನು ವಿಧಿಸಿದ ಅಳತೆ: ಜರ್ಮನಿಯ ವಿ-200 ಡೀಸೆಲ್ ಲೋಕೋಮೋಟಿವ್

ವಿದೇಶಿ ಕಂಪನಿಯಿಂದ ಪರವಾನಗಿ ಪಡೆದು ನಕ್ಷೆಗಳನ್ನು ತರಿಸಿಕೊಂಡರೆ ತಂತ್ರಜ್ಞಾನವೂ ಅದರೊಡನೆ ಬಂದಂತೆಯೇ ಎಂಬ ನಂಬಿಕೆ ಉದ್ಯಮ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಪಶ್ಚಿಮ ಜರ್ಮನಿಯ ವಿ-200 ಲೋಕೋಮೋಟಿವ್‌ನ ಚರಿತ್ರೆ ಬಹಳ ಉಪಯುಕ್ತವಾದುದು.

ಯುದ್ಧಾನಂತರ ಉಗಿಬಂಡಿಗಳಿಂದ ಡೀಸೆಲ್‌ಗೆ ಹೊರಳಿದ ಅಲ್ಲಿನ ರೈಲ್ವೆ, ಡಾಯ್ಚ ಬುಂಡೆಸ್‌ಬಾನ್, ಅಮೆರಿಕದ ಡೀಸೆಲ್-ವಿದ್ಯುತ್ ಪದ್ಧತಿಯನ್ನು ಅನುಸರಿಸಲಿಲ್ಲ. ಆ ಪದ್ಧತಿಯಲ್ಲಿ ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸಿ, ಅದರ ವಿದ್ಯುತ್ತಿನಿಂದ ಮೋಟಾರುಗಳು ಗಾಲಿಗಳನ್ನು ಓಡಿಸುತ್ತವೆ. ಜರ್ಮನರು ಎಂಜಿನ್‌ನ ಶಕ್ತಿಯನ್ನು ಎಣ್ಣೆಯ ಹರಿವಿನ ಮೂಲಕವೇ ಗಾಲಿಗಳಿಗೆ ಸಾಗಿಸಿದರು. ತಾಮ್ರದ ಭಾರ ಉಳಿಯಿತು. 1953ರಲ್ಲಿ ಮ್ಯೂನಿಕ್ ನಗರದ ಕ್ರಾಸ್-ಮಾಫೈ ಕಾರ್ಖಾನೆಯಿಂದ ಹೊರಬಂದ ವಿ-200ರಲ್ಲಿ ತಲಾ 1,000 ಅಶ್ವಶಕ್ತಿಯ ಎರಡು ಎಂಜಿನ್‌ಗಳಿದ್ದವು. ನಂತರದ ತಂಡದಲ್ಲಿ ಅದು ತಲಾ 1,100ಕ್ಕೆ ಏರಿತು. ಗಂಟೆಗೆ 140 ಕಿ.ಮೀ. ವೇಗದ ಈ ಲೋಕೋಮೋಟಿವ್‌ನ ತೂಕ ಸುಮಾರು 80 ಟನ್. ಅದೇ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಬಂದ 2,000 ಅಶ್ವಶಕ್ತಿಯ ಡೀಸೆಲ್-ವಿದ್ಯುತ್ ಲೋಕೋಮೋಟಿವ್ 133 ಟನ್ ತೂಗುತ್ತಿತ್ತು.

ಹೊಗಳಿಕೆಯೆಲ್ಲ ಸಾಮಾನ್ಯವಾಗಿ ಈ ಹಗುರತನಕ್ಕೇ ಸಲ್ಲುತ್ತದೆ. ಆದರೆ ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ನಿಜವಾದ ಸಾಧನೆ ಬೇರೆಡೆ ಇದೆ. ಎಂಜಿನ್‌ಗಳನ್ನು ಮೇಬಾಕ್, ಡೈಮ್ಲರ್-ಬೆನ್ಸ್ ಮತ್ತು ಎಂಎಎನ್ ಎಂಬ ಮೂರು ಪ್ರತಿಸ್ಪರ್ಧಿ ಕಂಪನಿಗಳು ತಯಾರಿಸಿದವು. ಟ್ರಾನ್ಸ್‌ಮಿಷನ್‌ಗಳನ್ನು ಮೇಬಾಕ್ ಮತ್ತು ಫಾಯ್ತ್ ಒದಗಿಸಿದವು. ಒಳಗಿನ ರಚನೆ ಒಂದೊಂದರದು ಒಂದೊಂದು ಬಗೆ. ಆದರೂ ಒಂದನ್ನು ಕೆಳಗಿಳಿಸಿ ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದಾಗಿತ್ತು. ಇದೇ ಎಂಜಿನ್‌ಗಳು ಚಿಕ್ಕ ವಿ-80 ಲೋಕೋಮೋಟಿವ್‌ಗೂ ಕೆಲವು ರೈಲ್‌ಕಾರುಗಳಿಗೂ ಹೊಂದುತ್ತಿದ್ದವು. ಹೀಗಾಗಿ ದುರಸ್ತಿಗೆ ಬಂದ ಎಂಜಿನ್‌ಗಾಗಿ ಇಡೀ ಲೋಕೋಮೋಟಿವ್ ಷೆಡ್ಡಿನಲ್ಲಿ ಕಾಯಬೇಕಾಗಿರಲಿಲ್ಲ; ಒಬ್ಬನೇ ಸರಬರಾಜುದಾರನ ಮರ್ಜಿಗೆ ರೈಲ್ವೆ ಸಿಲುಕಲೂ ಇಲ್ಲ. ಯಾವ ತಯಾರಕನೂ ತಾನಾಗಿ ಇಂತಹ ಉದಾರತೆಯನ್ನು ತೋರುವುದಿಲ್ಲ. ಕೊಳ್ಳುವ ಸಂಸ್ಥೆ ಅಳತೆಯನ್ನು ವಿಧಿಸಿ ಅದಕ್ಕೆ ಅಂಟಿಕೊಂಡುದರಿಂದಲೇ ಇದು ಸಾಧ್ಯವಾಯಿತು. 1959ರೊಳಗೆ ಇಂತಹ 86 ಲೋಕೋಮೋಟಿವ್‌ಗಳು ಸಿದ್ಧವಾದವು. ಅವುಗಳಲ್ಲಿ 20 ಕೀಲ್ ನಗರದ ಎಂಎಕೆ ಕಂಪನಿಯವು.

ಈ ಯಶಸ್ಸನ್ನು ಕಂಡ ಬ್ರಿಟಿಷ್ ರೈಲ್ವೆಯ ಪಶ್ಚಿಮ ವಲಯ ಅದೇ ವಿನ್ಯಾಸವನ್ನು ತನ್ನ ಕಿರಿದಾದ ಹಳಿಮಾರ್ಗದ ಮಿತಿಗೆ ತಗ್ಗಿಸಿ, 1958ರಿಂದ 'ವಾರ್‌ಷಿಪ್' ಲೋಕೋಮೋಟಿವ್‌ಗಳನ್ನು ಓಡಿಸಿತು. ಒಟ್ಟು 71ರಲ್ಲಿ 38 ಸ್ವಿಂಡನ್‌ನ ರೈಲ್ವೆ ಕಾರ್ಖಾನೆಯಲ್ಲಿ ತಯಾರಾದವು. ಉಳಿದ 33ನ್ನು ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ ತಯಾರಿಸಿತು. ಭಾರತದ ರೈಲ್ವೆಗಳಿಗೂ ಅಸಂಖ್ಯ ಉಗಿಬಂಡಿಗಳನ್ನು ಪೂರೈಸಿದ ಹೆಸರಾಂತ ಸಂಸ್ಥೆ ಅದು. ಎಂಎಎನ್ ಎಂಜಿನ್‌ಗಳನ್ನು ಪರವಾನಗಿಯ ಮೇಲೆ ತನ್ನಲ್ಲಿಯೇ ತಯಾರಿಸಿತು. ಆದರೆ ಉಗಿಬಂಡಿಯ ಕಮ್ಮಾರಿಕೆಯಲ್ಲಿ ಪಳಗಿದ ಕೈಗೆ ವೇಗವಾಗಿ ತಿರುಗುವ ಡೀಸೆಲ್ ಎಂಜಿನ್‌ನ ಸೂಕ್ಷ್ಮ ಅಳತೆ ಒಗ್ಗಲಿಲ್ಲ. ಅದರ ಡೀಸೆಲ್‌ಗಳಿಗೆ ಕೆಟ್ಟ ಹೆಸರು ಬಂತು, ಖಾತರಿಯ ವೆಚ್ಚ ಬೆಳೆಯಿತು, ನಷ್ಟದ ಮೇಲೆ ನಷ್ಟವಾಗಿ 1962ರಲ್ಲಿ ಕಂಪನಿ ಮುಚ್ಚಿತು. ಸ್ವಿಂಡನ್‌ನ ಲೋಕೋಮೋಟಿವ್‌ಗಳು ಇವಕ್ಕಿಂತ ಚೆನ್ನಾಗಿ ದುಡಿದವು. ಆದರೂ ಹೈಡ್ರಾಲಿಕ್ ಪದ್ಧತಿ ಉಳಿದ ವಲಯಗಳಿಗೆ ಅಪರಿಚಿತವಾದುದರಿಂದ 1972ರ ಹೊತ್ತಿಗೆ ಎಲ್ಲ ವಾರ್‌ಷಿಪ್‌ಗಳನ್ನೂ ಹಿಂತೆಗೆದುಕೊಳ್ಳಲಾಯಿತು. ನಕ್ಷೆಯನ್ನು ಕೊಳ್ಳಬಹುದು, ಕಾರ್ಮಿಕರ ಕೈಯಲ್ಲಿನ ನುರಿತವನ್ನು ಯಾವ ಕರಾರಿನಲ್ಲಿ ಬರೆಸಿಕೊಳ್ಳುವುದು?

ಅಮೆರಿಕದ ಪ್ರಸಂಗ ಇನ್ನೂ ಚುಟುಕಾದುದು. 1961ರಲ್ಲಿ ಸದರ್ನ್ ಪೆಸಿಫಿಕ್ ಮತ್ತು ರಿಯೊ ಗ್ರಾಂಡೆ ರೈಲ್ವೆಗಳು ಕ್ರಾಸ್-ಮಾಫೈಯಿಂದ 4,000 ಅಶ್ವಶಕ್ತಿಯ ತಲಾ ಮೂರು ಲೋಕೋಮೋಟಿವ್‌ಗಳನ್ನು ತರಿಸಿದವು. ಬೆಟ್ಟದ ಸುರಂಗಗಳ ಬಿಸಿಗಾಳಿಯಲ್ಲಿ ಅವು ಬಳಲಿದವು. ಬಿಡಿಭಾಗಗಳು ಸಾಗರದಾಚೆಯಿಂದ ಬರಬೇಕಾಗಿತ್ತು. ಸದರ್ನ್ ಪೆಸಿಫಿಕ್ ಮತ್ತೆ 15ನ್ನು ಕೊಂಡರೂ 1968ರ ವೇಳೆಗೆ ಎಲ್ಲವೂ ಸೇವೆಯಿಂದ ಹೊರಬಿದ್ದವು.

ಜರ್ಮನಿಯೂ ಕೊನೆಗೆ ಎರಡು ಎಂಜಿನ್‌ಗಳ ಏರ್ಪಾಡನ್ನು ಕೈಬಿಟ್ಟಿತು. ಒಂದು ಕೆಟ್ಟರೆ ಇನ್ನೊಂದರಿಂದ ನಿಲ್ದಾಣ ಸೇರಬಹುದೆಂಬ ಅನುಕೂಲ ನಿಜವೇ. ಆದರೆ ಪಾಲನೆಯ ವೆಚ್ಚ ಇಮ್ಮಡಿ. ಒಂದೇ ಎಂಜಿನ್‌ನಿಂದ ಅಷ್ಟೇ ಶಕ್ತಿ ದೊರೆಯತೊಡಗಿದ ಮೇಲೆ, 1960ರಿಂದ ವಿ-160 ಮತ್ತು ಅದರ ಸಂತತಿ ಮುಂದೆ ಬಂತು. ವಿ-200ರ ಮೊದಲ ತಂಡ 1984ರಲ್ಲಿ ನಿವೃತ್ತವಾಯಿತು.

ಭಾರತೀಯ ರೈಲ್ವೆ ಈ ವಿಷಯದಲ್ಲಿ ಎಚ್ಚರದಿಂದ ಹೆಜ್ಜೆಯಿಟ್ಟಿತೆನ್ನಬೇಕು. ಮುಖ್ಯಮಾರ್ಗಕ್ಕೆ ಅಮೆರಿಕದ ಆಲ್ಕೊ ಕಂಪನಿಯ ಡೀಸೆಲ್-ವಿದ್ಯುತ್ ವಿನ್ಯಾಸವನ್ನು ಆರಿಸಿ 1964ರಿಂದ ವಾರಣಾಸಿಯಲ್ಲಿ ತಯಾರಿಸಿತು. ಹೈಡ್ರಾಲಿಕ್ ಪದ್ಧತಿಯನ್ನು ಮುಖ್ಯವಾಗಿ ಯಾರ್ಡಿನ ಷಂಟಿಂಗ್ ಕೆಲಸಕ್ಕೆ ಒಪ್ಪಿಕೊಂಡಿತು. 1960ರ ದಶಕದ ಕೊನೆಯಿಂದ ಚಿತ್ತರಂಜನ್ ಕಾರ್ಖಾನೆಯಲ್ಲಿ ತಯಾರಾದ ಆ ಷಂಟರುಗಳ ಎಂಜಿನ್, ಹಿಂದೆ 20 ವಿ-200ಗಳನ್ನು ಕಟ್ಟಿದ ಅದೇ ಎಂಎಕೆ ಕಂಪನಿಯ ವಿನ್ಯಾಸ.