ಸ್ಪ್ರಿಂಗ್ ಏರ್‌ಸಾಫ್ಟ್ ಪಿಸ್ತೂಲು: ‘ಬರೀ ಪ್ಲಾಸ್ಟಿಕ್ ಗುಂಡು’ ಎಂದರೆ ಅಪಾಯವಿಲ್ಲವೇ?

‘ಮದ್ದಿಲ್ಲ, ಗ್ಯಾಸ್ ಇಲ್ಲ, ಒಳಗಿರುವುದು ಬರೀ ಸ್ಪ್ರಿಂಗ್. ಪ್ಲಾಸ್ಟಿಕ್ ಗುಂಡು ತಾಗಿದರೆ ಇರುವೆ ಕಚ್ಚಿದಷ್ಟೇ ನೋವು.’ ಕಡಿಮೆ ಬೆಲೆಯ ಏರ್‌ಸಾಫ್ಟ್ ಪಿಸ್ತೂಲಿನ ಬಗ್ಗೆ ಹೀಗೆ ಹೇಳುವವರಿದ್ದಾರೆ. ಮಾತಿನ ಮೊದಲರ್ಧ ನಿಜ. ಉಳಿದರ್ಧ ನಿಜವೋ ಸುಳ್ಳೋ ಎಂಬುದು ಗುಂಡು ಎಲ್ಲಿಗೆ ತಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಹೊಸಬರು ಇಂಥ ಪಿಸ್ತೂಲನ್ನು ಅಳೆಯುವುದು ಹೇಗೆ ಎಂದು ನೋಡೋಣ.

ಇದು ಹೇಗೆ ಕೆಲಸ ಮಾಡುತ್ತದೆ?

ಪಿಸ್ತೂಲಿನ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆದಾಗ ಒಳಗಿನ ಸ್ಪ್ರಿಂಗ್ ಕುಗ್ಗುತ್ತದೆ. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಒತ್ತಡಕ್ಕೊಳಗಾದ ಗಾಳಿ 6 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಗುಂಡನ್ನು ಹೊರಗೆ ಚಿಮ್ಮಿಸುತ್ತದೆ. ಸೈಕಲ್ ಪಂಪಿನಲ್ಲೂ ನಡೆಯುವುದು ಇದೇ. ನಮ್ಮ ಜಾತ್ರೆಗಳಲ್ಲಿ ಸಿಗುವ ಗುಂಡು ಹಾರಿಸುವ ಎಷ್ಟೋ ಆಟಿಕೆ ಗನ್‌ಗಳ ತತ್ವವೂ ಇದೇ.

ಪ್ರತಿ ಗುಂಡಿಗೂ ಒಮ್ಮೆ ಸ್ಲೈಡ್ ಎಳೆಯಲೇಬೇಕು. ವೇಗದ ಆಟಕ್ಕೆ ಇದು ಅಡ್ಡಿಯಾದರೂ ಕಲಿಯುವವರಿಗೆ ಅನುಕೂಲವೇ, ಏಕೆಂದರೆ ಪ್ರತಿ ಗುಂಡಿಗೂ ಗುರಿ ನೋಡಿ ಯೋಚಿಸುವ ಅಭ್ಯಾಸವಾಗುತ್ತದೆ. ಬ್ಯಾಟರಿ, ಗ್ಯಾಸಿನ ಖರ್ಚೂ ಇಲ್ಲ.

ಡಬ್ಬದ ಮೇಲಿನ ಎಫ್‌ಪಿಎಸ್ ನಂಬಬಹುದೇ?

ಎಫ್‌ಪಿಎಸ್ ಎಂದರೆ ಗುಂಡು ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಎಂಬ ಲೆಕ್ಕ. ಗುಂಡಿನ ತೂಕ ಗೊತ್ತಿಲ್ಲದೆ ಈ ಸಂಖ್ಯೆಯೊಂದರಿಂದಲೇ ಪೆಟ್ಟಿನ ಬಲ ತಿಳಿಯುವುದಿಲ್ಲ. ಹಗುರ ಗುಂಡು ಹಾಕಿ ಪರೀಕ್ಷಿಸಿದರೆ ಸಂಖ್ಯೆ ದೊಡ್ಡದಾಗಿಯೇ ಕಾಣುತ್ತದೆ.

ನೋಡಬೇಕಾದದ್ದು ಜೌಲ್ ಲೆಕ್ಕದ ಶಕ್ತಿ. ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸುವುದು. 200 ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ಸುಮಾರು 61 ಮೀಟರ್. ಈ ವೇಗದಲ್ಲಿ 0.12 ಗ್ರಾಂ ಗುಂಡಿನ ಶಕ್ತಿ ಸುಮಾರು 0.22 ಜೌಲ್, 0.20 ಗ್ರಾಂ ಗುಂಡಿನದ್ದು ಸುಮಾರು 0.37 ಜೌಲ್. ಡಬ್ಬದ ಮೇಲಿನ ಸಂಖ್ಯೆ ಒಂದೇ, ಪೆಟ್ಟು ಮಾತ್ರ ಬೇರೆ.

ಜಪಾನ್ ಎಲ್ಲಿ ಗೆರೆ ಎಳೆದಿದೆ?

ಏರ್‌ಸಾಫ್ಟ್ ಬೆಳೆದದ್ದು ಜಪಾನಿನಲ್ಲಿ. ಅಲ್ಲಿ ನಿಜವಾದ ಬಂದೂಕು ಜನಸಾಮಾನ್ಯರ ಕೈಗೆ ಸಿಗುವುದು ತೀರಾ ಕಷ್ಟ. 2006ರ ಕಾನೂನು ತಿದ್ದುಪಡಿ ಪ್ರತಿ ಚದರ ಸೆಂಟಿಮೀಟರಿಗೆ 3.5 ಜೌಲ್ ಎಂಬ ಮಿತಿ ತಂದಿತು. 6 ಮಿ.ಮೀ. ಗುಂಡಿಗೆ ಇದು ಸುಮಾರು 0.98 ಜೌಲ್ ಆಗುತ್ತದೆ. 18 ವರ್ಷದೊಳಗಿನವರಿಗೆ ಮಿತಿ ಇನ್ನೂ ಕಡಿಮೆ: ಅವರಿಗೆಂದು ಮಾಡಿದ ಗನ್‌ಗಳು 0.135 ಜೌಲ್ ಒಳಗಿರುತ್ತವೆ. ಅಂದರೆ ಎರಡೂ ಸ್ಪ್ರಿಂಗ್ ಪಿಸ್ತೂಲೇ ಆಗಿದ್ದು, ಹೊರನೋಟಕ್ಕೆ ಒಂದೇ ರೀತಿ ಕಂಡರೂ, ಒಂದು ಮಕ್ಕಳಿಗೆ, ಇನ್ನೊಂದು ದೊಡ್ಡವರಿಗೆ ಇರಬಹುದು.

ಕಣ್ಣಿಗೆ ಬಿದ್ದರೆ?

ಬಟ್ಟೆ ಮೇಲೆ ಬಿದ್ದ ಗುಂಡು ಚುರ್ರೆನ್ನಿಸಿ ಬಿಡಬಹುದು. ಕಣ್ಣಿಗೆ ಆ ರಕ್ಷಣೆ ಇಲ್ಲ. ಗುಂಡಿನ ಶಕ್ತಿಯೆಲ್ಲ ಒಂದು ಚಿಕ್ಕ ಜಾಗದ ಮೇಲೆ ಬೀಳುವುದರಿಂದ ಕಾರ್ನಿಯಾ ತರಚಬಹುದು, ಕಣ್ಣಿನ ಮುಂಭಾಗದಲ್ಲಿ ರಕ್ತ ತುಂಬಬಹುದು, ರೆಟಿನಾಗೂ ಹಾನಿಯಾಗಬಹುದು. ಇಂಥ ಪೆಟ್ಟಿನಿಂದ ವರ್ಷಗಳ ನಂತರ ಗ್ಲಾಕೋಮಾ ಬರುವ ಸಾಧ್ಯತೆಯೂ ಇದೆ. ಪೆಟ್ಟು ಬಿದ್ದರೆ ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ. ನೋವು ಕಡಿಮೆಯಾಯಿತೆಂದು ಸುಮ್ಮನಾಗದೆ ಅದೇ ದಿನ ನೇತ್ರತಜ್ಞರಿಗೆ ತೋರಿಸಿ.

ದಿನನಿತ್ಯದ ಕನ್ನಡಕ, ಕೂಲಿಂಗ್ ಗ್ಲಾಸ್ ಇದಕ್ಕೆ ಸಾಲದು. ಪೆಟ್ಟು ತಡೆಯುವ, ಬದಿಗಳನ್ನೂ ಮುಚ್ಚುವ ಗಾಗಲ್ಸ್ ಬೇಕು. ಆಡುವವರಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು. ಗಟ್ಟಿ ಗೋಡೆಗೆ ಬಡಿದ ಗುಂಡು ವಾಪಸು ಬರುತ್ತದೆ.

ಅಸಲಿಯಂತೆ ಕಾಣುವುದೇ ಇನ್ನೊಂದು ಅಪಾಯ

2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಪಾರ್ಕೊಂದರಲ್ಲಿ ಏರ್‌ಸಾಫ್ಟ್ ಪಿಸ್ತೂಲು ಹಿಡಿದಿದ್ದ 12 ವರ್ಷದ ಬಾಲಕನ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರುದಿನ ಅವನು ತೀರಿಕೊಂಡ. ಆಟಿಕೆ ಎಂದು ಗುರುತಿಸಲು ಇಡುವ ಕಿತ್ತಳೆ ಬಣ್ಣದ ತುದಿ ಆ ಪಿಸ್ತೂಲಿನಲ್ಲಿ ಇರಲಿಲ್ಲ. ಆ ತುದಿಯನ್ನು ತೆಗೆಯಬೇಡಿ, ಬಣ್ಣ ಬಳಿಯಬೇಡಿ, ಸಾರ್ವಜನಿಕ ಜಾಗದಲ್ಲಿ ಕೈಯಲ್ಲಿ ಹಿಡಿದು ಓಡಾಡಬೇಡಿ.

ಕೊಳ್ಳುವ ಮುನ್ನ ಏನು ನೋಡಬೇಕು?

• ಶಕ್ತಿ ಎಷ್ಟು ಜೌಲ್, ಯಾವ ತೂಕದ ಗುಂಡಿನಿಂದ ಅಳೆದದ್ದು ಎಂದು ಬರೆದಿದೆಯೇ?
• ಯಾವ ವಯಸ್ಸಿನವರಿಗೆ ಎಂದು ಸ್ಪಷ್ಟವಾಗಿದೆಯೇ?
• ಮಕ್ಕಳ ಆಟಿಕೆ ಎಂದು ಮಾರುತ್ತಿದ್ದರೆ ಐಎಸ್‌ಐ ಗುರುತು ಇದೆಯೇ? ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಇದು 2021ರ ಜನವರಿ 1ರಿಂದ ಕಡ್ಡಾಯ.
• ಗಾಗಲ್ಸ್‌ಗೆ ಹಣ ತೆಗೆದಿಟ್ಟಿದ್ದೀರಾ?

ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ಪಿಸ್ತೂಲು ಎಷ್ಟೇ ಅಗ್ಗವಾಗಿದ್ದರೂ ಸದ್ಯಕ್ಕೆ ಬೇಡ. ಹೊಸಬರಿಗೆ ಕಡಿಮೆ ಶಕ್ತಿಯ ಸ್ಪ್ರಿಂಗ್ ಪಿಸ್ತೂಲು ಕೆಟ್ಟ ಆಯ್ಕೆಯೇನಲ್ಲ. ಆದರೆ ಮೊದಲು ಗಾಗಲ್ಸ್, ಆಮೇಲೆ ಗನ್. ‘ಏನೂ ಆಗಲ್ಲ’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಕೇಳಿ: ಎಷ್ಟು ಜೌಲ್?