ಬಸ್ಸು ಹತ್ತಿದವರ ‘ರೈಟ್, ರೈಟ್!’



ರಾಜ್ಯೋತ್ಸವದ ಸಿದ್ಧತೆಗೆಂದು ಲಿಟಲ್ ಐಲ್ಯಾಂಡಿನಲ್ಲಿ ಸೇರಿದ್ದ ನಮ್ಮ ಸಭೆ ಈ ಬಾರಿ ಕಾರ್ಯಕ್ರಮಗಳ ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಅಮೆರಿಕದ ರಾಜಕೀಯದ ಕಡೆಗೆ ಹೊರಳಿತು. ಬಿಸಿಬೇಳೆ ಭಾತು ಆರಿತು, ಮಾತು ಆರಲಿಲ್ಲ. ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಹೇರಿದ್ದು ಘೋರ ಅನ್ಯಾಯವೆಂದು ಎಲ್ಲರೂ ಒಪ್ಪಿದರು. ಆದರೆ 2025ರ ಫೆಬ್ರವರಿಯಲ್ಲಿ ಕೈಕಾಲಿಗೆ ಬೇಡಿ ತೊಡಿಸಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದ ನೂರಕ್ಕೂ ಹೆಚ್ಚು ಭಾರತೀಯರ ಪ್ರಸ್ತಾಪ ಬಂದಾಗ, ಅದೇ ಬಾಯಿಗಳಲ್ಲಿ ಕೆಲವು ‘ಕಳ್ಳದಾರಿ ಹಿಡಿದವರಿಗೆ ತಕ್ಕ ಶಾಸ್ತಿ’ ಎಂದವು. ಅಲ್ಲಿಂದ ಮಾತು ಐರ್ಲೆಂಡಿಗೆ ಇಳಿಯಿತು: ‘ಇಲ್ಲಿಯೂ ಹಾಗೆಯೇ ಆಗಬೇಕು. ನಾವು ಪರ್ಮಿಟ್ ಹಿಡಿದು ಬಂದು ತೆರಿಗೆ ಕಟ್ಟುತ್ತೇವೆ. ಆಶ್ರಯ ಬೇಡಿ ಬಂದವರು ಅದನ್ನು ತಿನ್ನುತ್ತಾರೆ.’

ಸಭೆಯ ಸೌಜನ್ಯಕ್ಕೆ ಕಟ್ಟುಬಿದ್ದು ಅಂದು ನಾವು ಸುಮ್ಮನಿದ್ದೆವು. ಆ ಮೌನ ತಪ್ಪೆಂದು ಈಗ ಅನ್ನಿಸುತ್ತಿದೆ. ಆದ್ದರಿಂದ ಈ ಬರಹ.

ನಮ್ಮೂರಿನ ಬಸ್ಸುಗಳಲ್ಲಿ ಓಡಾಡಿದವರಿಗೆಲ್ಲ ಒಂದು ದೃಶ್ಯ ನೆನಪಿರುತ್ತದೆ. ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ‘ಸ್ವಲ್ಪ ಒಳಗೆ ಹೋಗಿ ಸ್ವಾಮೀ’ ಎಂದು ಗೋಗರೆದವನು, ಎರಡು ಕಾಲೂ ಒಳಗೆ ಊರಿದ ಕೂಡಲೇ ‘ಜಾಗ ಇಲ್ಲ, ರೈಟ್, ರೈಟ್!’ ಎಂದು ಕಂಡಕ್ಟರನಿಗಿಂತ ಮೊದಲು ಕೂಗುತ್ತಾನೆ. ಇಂದು ಆ ಕೂಗು ನಮ್ಮದಾಗಿದೆ.

ಮೊದಲು ಹಣದ ಮಾತು. ಆಶ್ರಯಾರ್ಥಿಗಳ ವಸತಿಗೆ ಐರಿಷ್ ಸರ್ಕಾರ 2024ರಲ್ಲಿ ಸುಮಾರು 100 ಕೋಟಿ ಯೂರೋ ವೆಚ್ಚ ಮಾಡಿತು. ಸಣ್ಣ ಮೊತ್ತವಲ್ಲ, ಅದನ್ನು ಪ್ರಶ್ನಿಸುವವರೆಲ್ಲರೂ ದ್ವೇಷಿಗಳೂ ಅಲ್ಲ. ಆದರೆ ಅದು ಹೋದದ್ದು ಎಲ್ಲಿಗೆ? ಸರ್ಕಾರಿ ವಸತಿಯಲ್ಲಿರುವ ವಯಸ್ಕ ಆಶ್ರಯಾರ್ಥಿಯ ಕೈಗೆ ವಾರಕ್ಕೆ ಸಿಗುವುದು 38 ಯೂರೋ 80 ಸೆಂಟ್. ಉಳಿದದ್ದರ ಬಹುಪಾಲು ಖಾಸಗಿ ಹೋಟೆಲುಗಳ ಮತ್ತು ಕಟ್ಟಡ ಮಾಲೀಕರ ಖಾತೆ ಸೇರುತ್ತದೆ. ಈ ವ್ಯವಸ್ಥೆಯನ್ನು 2024ರ ಕೊನೆಯೊಳಗೆ ಮುಚ್ಚುತ್ತೇವೆಂದು 2021ರ ಶ್ವೇತಪತ್ರದಲ್ಲಿ ಮಾತು ಕೊಟ್ಟಿದ್ದು ಸರ್ಕಾರವೇ. ಮಾತು ತಪ್ಪಿದ್ದೂ ಸರ್ಕಾರವೇ. ಸಿಟ್ಟಿದ್ದರೆ ಅಲ್ಲಿ ತೋರಿಸೋಣ.

ಖಜಾನೆ ಬರಿದಾಗಿದೆ ಎಂಬ ಮಾತೂ ನಿಲ್ಲುವುದಿಲ್ಲ. ಆ್ಯಪಲ್ ಕಂಪನಿಯಿಂದ 1,300 ಕೋಟಿ ಯೂರೋ ತೆರಿಗೆ ಬಾಕಿ ವಸೂಲು ಮಾಡಿಕೊಳ್ಳಿ ಎಂದು ಯುರೋಪಿಯನ್ ಆಯೋಗ 2016ರಲ್ಲಿ ಆದೇಶಿಸಿದಾಗ, ‘ನಮಗೆ ಬೇಡ’ ಎಂದು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದ ಸರ್ಕಾರ ಇದು. 2024ರ ಸೆಪ್ಟೆಂಬರ್ 10ರ ತೀರ್ಪು ಆ ಹಣವನ್ನು ಬಡ್ಡಿಸಮೇತ ಬಲವಂತವಾಗಿ ಕೈಗಿಟ್ಟಿತು. ಡಬ್ಲಿನ್‌ನ ಮಕ್ಕಳ ಆಸ್ಪತ್ರೆಯ ವೆಚ್ಚಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟ ಮೊತ್ತ 2024ರ ಹೊತ್ತಿಗೆ 224 ಕೋಟಿ ಯೂರೋಗೆ ಏರಿತ್ತು. ಸಂಸತ್ ಭವನದ ಅಂಗಳದಲ್ಲಿ ಸೈಕಲ್ ನಿಲ್ಲಿಸುವ ಒಂದು ಶೆಡ್ಡಿಗೆ 3,36,000 ಯೂರೋ ಖರ್ಚಾಯಿತು. ಮನೆಗಳ ಕೊರತೆ ನಿಜ. ಬಾಡಿಗೆಗೆ ಹುಡುಕಿ ಸುಸ್ತಾದ ಕುಟುಂಬಗಳು ನಮ್ಮಲ್ಲೇ ಇವೆ. ಆದರೆ 2008ರ ಕುಸಿತದ ನಂತರ ಹಲವು ವರ್ಷ ಈ ದೇಶದಲ್ಲಿ ಮನೆ ಕಟ್ಟುವ ಕೆಲಸವೇ ನಿಂತಂತಾಗಿತ್ತು. ಆಗ ಕಟ್ಟದ ಮನೆಗಳನ್ನು ಈಗ ಬಂದ ನಿರಾಶ್ರಿತರು ಕಸಿದುಕೊಂಡರು ಎನ್ನುವುದು, ಜ್ವರಕ್ಕೆ ಥರ್ಮಾಮೀಟರನ್ನು ದೂರಿದಂತೆ.

ಎರಡನೆಯದು ‘ಕಾನೂನಿನ ಬಾಗಿಲು’. ಲಿಟಲ್ ಐಲ್ಯಾಂಡಿನಿಂದ ಕೋವ್ ಬಂದರು ಎಷ್ಟು ದೂರ? ರೈಲಿನಲ್ಲಿ ಕೆಲವೇ ನಿಲ್ದಾಣ. ಅಲ್ಲಿಂದ 1891ರ ಡಿಸೆಂಬರ್ 20ರಂದು ಹಡಗು ಹತ್ತಿದ ಆ್ಯನಿ ಮೂರ್ ಎಂಬ ಹುಡುಗಿ, 1892ರ ಜನವರಿ 1ರಂದು ಎಲ್ಲಿಸ್ ಐಲ್ಯಾಂಡಿನ ವಲಸೆ ಕೇಂದ್ರವನ್ನು ದಾಟಿದ ಮೊದಲಿಗಳು. ಅಲ್ಲಿಂದ ಹೋದ ಲಕ್ಷಾಂತರ ಜನರನ್ನು ಅಟ್ಟಿದ್ದು ಹಸಿವು ಮತ್ತು ಬಡತನ. 1980ರ ದಶಕದಲ್ಲಿಯೂ ಕಾಗದಪತ್ರವಿಲ್ಲದೆ ಅಮೆರಿಕದಲ್ಲಿ ಉಳಿದ ಐರಿಷ್ ತರುಣರು ಸಾವಿರಾರು. ಅವರನ್ನು ‘ಕಳ್ಳರು’ ಎಂದು ಐರಿಷ್ ಸರ್ಕಾರಗಳು ಕರೆಯಲಿಲ್ಲ. ಅವರ ಪರವಾಗಿ ವಾಷಿಂಗ್ಟನ್ನಿನಲ್ಲಿ ದಶಕಗಳ ಕಾಲ ವಾದಿಸಿದವು. 1990ರ ಅಮೆರಿಕನ್ ಕಾನೂನಿನಲ್ಲಿ ಐರಿಷರಿಗೆಂದು 48,000 ವೀಸಾಗಳು ಮೀಸಲಾದದ್ದು ಹಾಗೆ. ಈ ಚರಿತ್ರೆಯ ಮಡಿಲಲ್ಲಿ ಕುಳಿತು ನಾವು ಯಾರಿಗೆ ಬಾಗಿಲ ಪಾಠ ಹೇಳುತ್ತಿದ್ದೇವೆ?

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ‘ನಾವು ಒಳ್ಳೆಯ ವಲಸಿಗರು’ ಎಂಬ ಕೊಡೆ ಮಳೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ. 2025ರ ಜುಲೈ 19ರಂದು ಡಬ್ಲಿನ್‌ನ ಟಾಲಾದಲ್ಲಿ, ಕೆಲವೇ ವಾರಗಳ ಹಿಂದೆ ಕೆಲಸಕ್ಕೆಂದು ಬಂದಿದ್ದ ಭಾರತೀಯನೊಬ್ಬನ ಮೇಲೆ ಸುಳ್ಳು ಆರೋಪ ಹೊರಿಸಿ, ಬಟ್ಟೆ ಬಿಚ್ಚಿಸಿ, ರಕ್ತ ಬರುವಂತೆ ಹೊಡೆದರು. ಹೊಡೆದವರು ಅವನ ಪರ್ಮಿಟ್ ಕೇಳಲಿಲ್ಲ. ಆಗಸ್ಟಿನಲ್ಲಿ ವಾಟರ್‌ಫರ್ಡ್‌ನಲ್ಲಿ ಆರು ವರ್ಷದ ಮಗುವಿನ ಮೇಲೆ ಕೈ ಮಾಡಿ ‘ಭಾರತಕ್ಕೆ ಹೋಗು’ ಎಂದವರು, ಆ ಮಗು ಹುಟ್ಟಿದ್ದೆಲ್ಲಿ ಎಂದು ವಿಚಾರಿಸಲಿಲ್ಲ. ಭಾರತೀಯ ರಾಯಭಾರ ಕಚೇರಿ ನಮಗೆಲ್ಲ ಎಚ್ಚರಿಕೆಯ ಸೂಚನೆ ಹೊರಡಿಸಬೇಕಾಯಿತು; ಫೀನಿಕ್ಸ್ ಪಾರ್ಕಿನ ಇಂಡಿಯಾ ಡೇ ಮುಂದೆ ಹೋಯಿತು. ಮುಷ್ಟಿಗೆ ಓದು ಬರುವುದಿಲ್ಲ. ಅದು ವೀಸಾದ ವರ್ಗವನ್ನು ನೋಡುವುದಿಲ್ಲ, ಚರ್ಮವನ್ನು ನೋಡುತ್ತದೆ. ಆಶ್ರಯಾರ್ಥಿಯ ವಿರುದ್ಧ ನಾವು ವಾಟ್ಸಾಪಿನಲ್ಲಿ ಮುಂದೂಡುವ ಪ್ರತಿ ಸುಳ್ಳೂ ಆ ಮುಷ್ಟಿಗೆ ಬಲ ಕೊಡುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಟಾಲಾದ ಆ ಮನುಷ್ಯನನ್ನು ಕಂಡು ಕಾರು ನಿಲ್ಲಿಸಿ ನೆರವಾದವರು ಐರಿಷ್ ಮಹಿಳೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡಾಗ, ಆಕೆಯ ಭಾವಚಿತ್ರ ಹಿಡಿದು ಬೀದಿಗೆ ಇಳಿದವರಲ್ಲಿ ಹೆಚ್ಚಿನವರು ಐರಿಷರು. 2018ರ ಮೇ 25ರಂದು ಶೇಕಡ 66.4ರಷ್ಟು ಮತದಾರರು ಸಂವಿಧಾನದ ತಿದ್ದುಪಡಿಗೆ ಒಪ್ಪಿದರು. ಆ ಕಾನೂನಿನ ಬಗ್ಗೆ ನಮ್ಮ ಓದುಗರ ಅಭಿಪ್ರಾಯ ಏನೇ ಇರಲಿ, ಹೊರಗಿನಿಂದ ಬಂದ ಹೆಣ್ಣುಮಗಳೊಬ್ಬಳ ಸಾವನ್ನು ಒಂದು ದೇಶ ತನ್ನ ಮನೆಯ ಸಾವೆಂದು ಎಣಿಸಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ಔದಾರ್ಯದ ಫಲಾನುಭವಿಗಳಾದ ನಾವು ಅದನ್ನು ಇನ್ನೊಬ್ಬರಿಗೆ ನಿರಾಕರಿಸಬಹುದೇ?

ಮೂರನೆಯದು ಸೇನೆ. ಹನ್ನೆರಡಕ್ಕಿಂತ ಹೆಚ್ಚು ಯೋಧರನ್ನು ಹೊರದೇಶಕ್ಕೆ ಕಳುಹಿಸಲು ವಿಶ್ವಸಂಸ್ಥೆ, ಸಂಪುಟ, ಸಂಸತ್ತು ಮೂರರ ಒಪ್ಪಿಗೆಯೂ ಬೇಕೆಂಬ ‘ಟ್ರಿಪಲ್ ಲಾಕ್’ ನಿಯಮವನ್ನು ಸಡಿಲಿಸಲು ಸರ್ಕಾರ ಹೊರಟಿದೆ. ಭದ್ರತಾ ಮಂಡಳಿಯ ವೀಟೋಗೆ ನಮ್ಮ ಕೈ ಕಟ್ಟಬಾರದೆಂಬ ಸರ್ಕಾರದ ವಾದದಲ್ಲಿ ತಿರುಳಿಲ್ಲದಿಲ್ಲ. ನಮ್ಮ ಕಣ್ಣೆದುರಿನ ಹಾಲ್‌ಬೋಲಿನ್ ನೌಕಾನೆಲೆಯಲ್ಲಿ ಸಿಬ್ಬಂದಿಯಿಲ್ಲದೆ ಹಡಗುಗಳು ಲಂಗರು ಹಾಕಿ ನಿಂತದ್ದೂ ನಿಜ. ನಾವಿಕರಿಗೆ ತಕ್ಕ ಸಂಬಳ ಕೊಡಲಿ, ಸ್ವಾಗತ. ಆದರೆ ವಿಶ್ವಸಂಸ್ಥೆಯ ಕೀಲಿಯನ್ನು ಕಿತ್ತೆಸೆಯುವುದು ಬೇರೆಯ ಮಾತು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1964ರಿಂದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದರು. 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಕಾಲವಾದರು. ಅವರ ಅಧೀನದಲ್ಲಿದ್ದ ಪಡೆಗಳಲ್ಲಿ ಐರಿಷ್ ಯೋಧರೂ ಇದ್ದರು. ಕೊಡಗಿನವರೊಬ್ಬರ ಮಾತನ್ನು ಐರಿಷ್ ಸೈನಿಕರು ಪಾಲಿಸಿದ್ದು ಆ ಕೀಲಿಯ ನೆರಳಿನಲ್ಲಿ. ಅದು ಉಳಿಯಬೇಕೆಂಬುದೇ ನಮ್ಮ ನಿಲುವು. ಸೇನೆಗೆ ಹಣ ಬೇಕಾದರೆ ವಲಸಿಗರನ್ನು ಅಟ್ಟಿರೆಂಬ ಸಭೆಯ ವಾದವಂತೂ ಅಮೆರಿಕದಿಂದ ಎರವಲು ತಂದ ಜಗಳ.

ಕೊನೆಗೆ ನಮ್ಮ ತಟ್ಟೆಯ ಹೆಗ್ಗಣ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು 2024ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದಾಗ, ‘ಹೊರಗಿನವರು ನಮ್ಮ ಅನ್ನ ಕಸಿದರು’ ಎಂದು ಮರುಗಿದವರು ನಮ್ಮಲ್ಲಿ ಇದ್ದಾರೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎನ್ನುವುದು ನ್ಯಾಯ; ನಾವೂ ಅದನ್ನೇ ಬಯಸುತ್ತೇವೆ. ಹಾಗಾದರೆ ಇಲ್ಲಿ ಹತ್ತು ವರ್ಷ ಕಳೆದ ನಮ್ಮಲ್ಲಿ ಎಷ್ಟು ಮಂದಿ ನಾಲ್ಕು ಐರಿಷ್ ಪದ ಕಲಿತಿದ್ದೇವೆ? ಎಷ್ಟು ಮಂದಿ ನೆರೆಮನೆಯವರ ಹೆಸರು ಬಲ್ಲೆವು?

ಈ ದೇಶದ ದಾದಿಯರಲ್ಲಿ ಸುಮಾರು ಅರ್ಧದಷ್ಟು, ವೈದ್ಯರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಹೊರದೇಶಗಳಲ್ಲಿ ಕಲಿತು ಬಂದವರು. ಆ ಅಂಕಿಯನ್ನು ನಾವು ಪದಕದಂತೆ ತೋರಿಸಿಕೊಳ್ಳುತ್ತೇವೆ. ಆದರೆ ಉಪಯುಕ್ತತೆ ಮನುಷ್ಯನ ಬೆಲೆಯಾದರೆ, ನಾಳೆ ನಾವು ಕಾಯಿಲೆ ಬಿದ್ದಾಗ ನಮ್ಮ ಬೆಲೆ ಎಷ್ಟು? ತುರ್ತು ಚಿಕಿತ್ಸಾ ವಿಭಾಗದಲ್ಲಿ ಯಾರನ್ನು ಮೊದಲು ನೋಡಬೇಕೆಂಬುದನ್ನು ನೋವಿನ ತೀವ್ರತೆ ತೀರ್ಮಾನಿಸುತ್ತದೆ, ಪಾಸ್‌ಪೋರ್ಟಲ್ಲ. ಈ ಕಸುಬು ನಮಗೆ ಕಲಿಸಿದ್ದು ಅಷ್ಟೇ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಅಮೆರಿಕದ ಚುನಾವಣೆಯಲ್ಲಿ ನಮಗೆ ಮತವಿಲ್ಲ. ಇಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಇದೆ. ಅದಕ್ಕೆ ಐರಿಷ್ ಪೌರತ್ವ ಬೇಕಿಲ್ಲ. 18 ತುಂಬಿ, ಇಲ್ಲಿ ವಾಸವಿದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. 2024ರ ಜೂನ್ 7ರಂದು ನಮ್ಮಲ್ಲಿ ಎಷ್ಟು ಮಂದಿ ಮತಗಟ್ಟೆಗೆ ಹೋದೆವೆಂದು ನಮ್ಮ ನಮ್ಮ ಮನಸ್ಸನ್ನೇ ಕೇಳಿಕೊಳ್ಳೋಣ. ಮುಂದಿನದು 2029ರಲ್ಲಿ. ರಾಜ್ಯೋತ್ಸವದ ದಿನ ಊಟದ ಕೂಪನ್ ಪಕ್ಕದಲ್ಲೇ ನೋಂದಣಿಗೆ ಒಂದು ಮೇಜು ಹಾಕಿಸಬೇಕೆಂದು ಸಂಘದ ಪದಾಧಿಕಾರಿಗಳನ್ನು ವಿನಂತಿಸುತ್ತೇವೆ. ಆ ಮೇಜಿನ ಹಿಂದೆ ನಾವೇ ಕೂರುತ್ತೇವೆ. ನಮ್ಮ ಮಾತು ಒಪ್ಪದವರೂ ಬನ್ನಿ, ಜಗಳವಾಡುತ್ತಲೇ ಹೆಸರು ಬರೆಸಿ ಹೋಗಿ.

ಬಸ್ಸಿನಲ್ಲಿ ಇನ್ನೂ ಜಾಗವಿದೆ. ಸ್ವಲ್ಪ ಒಳಗೆ ಸರಿಯೋಣ.